ಅಪ್ಪಯ್ಯನ ಹೊಟ್ಟೆಯ ರಕ್ತನಾಳ ಉಬ್ಬಿದೆ, ಆಪರೇಷನ್ ಮಾಡಿಸಬೇಕಾ? ಯಾರು ತೀರ್ಮಾನ ಮಾಡಬೇಕು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಅಪ್ಪಯ್ಯನಿಗೆ 74 ವರ್ಷ. ಈಗಲೂ ದಿನಾ ತೋಟಕ್ಕೆ ಹೋಗುತ್ತಾರೆ. ಬಿಪಿ ಮಾತ್ರೆ ಇದೆ. ಮೊದಲು ಬೀಡಿ ಸೇದುತ್ತಿದ್ದರು, ಈಗ ಬಿಟ್ಟಿದ್ದಾರೆ. ಉರಿಮೂತ್ರ ಎಂದು ಶಿವಮೊಗ್ಗದಲ್ಲಿ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿದರೆ, ಅಯೋರ್ಟಾ ಉಬ್ಬಿದೆ, 5.6 ಸೆಂ.ಮೀ. ಎಂದು ಬಂತು. ನೋವು ಏನೂ ಇಲ್ಲ. ಒಬ್ಬ ಡಾಕ್ಟ್ರು ಹೊಟ್ಟೆ ತೆರೆದು ಆಪರೇಷನ್ ಮಾಡಬೇಕು ಅಂದರು. ಇನ್ನೊಬ್ಬರು ತೊಡೆಯಿಂದ ಸ್ಟೆಂಟ್ ಹಾಕಿದರೆ ಸಾಕು ಅಂದರು. ಮೂರನೆಯವರು ಈ ವಯಸ್ಸಿಗೆ ಏನೂ ಬೇಡ, ಆರು ತಿಂಗಳು ಬಿಟ್ಟು ನೋಡೋಣ ಅಂದರು. ಅಪ್ಪಯ್ಯನಿಗೆ ಪೂರ್ತಿ ಹೇಳಿಲ್ಲ, ಸಣ್ಣ ತೊಂದರೆ ಎಂದಷ್ಟೇ ಹೇಳಿದ್ದೇವೆ. ಅಕ್ಕ ಆಪರೇಷನ್ ಬೇಡ ಅನ್ನುತ್ತಾಳೆ. ನಾನು ಮಾಡಿಸಿಬಿಡೋಣ ಅನ್ನುತ್ತೇನೆ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂವರು ಡಾಕ್ಟ್ರು ಮಾತಾಡಿದ್ದಾರೆ, ನೀವು ಮಾತಾಡಿದ್ದೀರಿ, ನಿಮ್ಮ ಅಕ್ಕ ಮಾತಾಡಿದ್ದಾರೆ. ಅಪ್ಪಯ್ಯ ಮಾತ್ರ ಎಲ್ಲೂ ಮಾತಾಡಿಲ್ಲ. ಹಾಗಾಗಿ ಮೊದಲು ಅವರಿಗೆ ವಿಷಯ ಹೇಳಿ, ಉಳಿದದ್ದೆಲ್ಲ ಆಮೇಲೆ. ಹೇಗೆ ಹೇಳುವುದು ಅನ್ನುವುದಕ್ಕೆ ಮುಂದೆ ಬರುತ್ತೇನೆ, ಅದಕ್ಕೂ ಮೊದಲು ನಿಮಗೇ ಕೆಲವು ಸಂಗತಿ ಗೊತ್ತಿರಬೇಕು.

ಹೆದರಬೇಡಿ, ಹಾಗಂತ ಸುಮ್ನೆ ಕೂರಲೂಬೇಡಿ. ನೋವಿಲ್ಲದ 5.6ರ ಉಬ್ಬು ಅಂದರೆ ಇವತ್ತು ರಾತ್ರಿಯೇ ಕಾರು ಮಾಡಿಕೊಂಡು ಓಡುವ ಸ್ಥಿತಿ ಅಲ್ಲ. ಯೋಚನೆ ಮಾಡಲು ಕೆಲವು ವಾರ ಸಮಯ ಇದೆ. ಬ್ರಿಟನ್ನಿನ ಸರ್ಕಾರಿ ತಪಾಸಣೆಯಲ್ಲಿ 5.5 ದಾಟಿದವರಿಗೆ ಎಂಟು ವಾರದೊಳಗೆ ಆಪರೇಷನ್ ಆಗಬೇಕು ಎಂದು ಗುರಿ ಇಟ್ಟುಕೊಂಡಿದ್ದಾರೆ. ಅಷ್ಟನ್ನೇ ನೀವೂ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು. ಆ ಎರಡು ತಿಂಗಳಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿ, ಹೃದಯ ಮತ್ತು ಶ್ವಾಸಕೋಶ ನೋಡಿಸಿ, ಮನೆಯಲ್ಲಿ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬರಬಹುದು. ನಾಳೆಯೇ ಟೇಬಲ್ ಮೇಲೆ ಮಲಗಿಸಿ ಎಂದು ಯಾರಾದರೂ ಅವಸರ ಮಾಡಿದರೆ ಕಾರಣ ಕೇಳಿ. ಕೆಲವೊಮ್ಮೆ ನಿಜವಾದ ಕಾರಣವೇ ಇರುತ್ತದೆ. ಉಬ್ಬು ಇರುವ ಜಾಗ ಮುಟ್ಟಿದರೆ ನೋವು, ಅಥವಾ ಆರು ತಿಂಗಳಲ್ಲಿ ಅರ್ಧ ಸೆಂಟಿಮೀಟರ್ ಬೆಳೆದಿದೆ, ಹೀಗೆ. ಕಾರಣವೇ ಇಲ್ಲದ ಅವಸರಕ್ಕೆ ಬಗ್ಗಬೇಡಿ.

ಅಯೋರ್ಟಾ ಅಂದರೆ ಹೃದಯದಿಂದ ಹೊರಟು ಎದೆ ದಾಟಿ ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಗೆ ಒರಗಿಕೊಂಡು ಇಳಿಯುವ ದೊಡ್ಡ ರಕ್ತನಾಳ. ಹೊಕ್ಕುಳಿನ ಹತ್ತಿರ ಎರಡಾಗಿ ಕಾಲುಗಳಿಗೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ 2 ಸೆಂ.ಮೀ. ಆಸುಪಾಸು. 3 ದಾಟಿದರೆ ಅನ್ಯೂರಿಸಂ ಅನ್ನುತ್ತೇವೆ. ಗೋಡೆ ಬಲ ಕಳೆದುಕೊಂಡು ಹಿಗ್ಗುತ್ತದೆ, ಹಿಗ್ಗಿದಷ್ಟೂ ಗೋಡೆಯ ಮೇಲೆ ಎಳೆತ ಜಾಸ್ತಿ, ಎಳೆತ ಜಾಸ್ತಿಯಾದಷ್ಟೂ ಇನ್ನೂ ಹಿಗ್ಗುತ್ತದೆ. ಹೆಚ್ಚಾಗಿ 65 ದಾಟಿದ ಗಂಡಸರಲ್ಲಿ, ಅದರಲ್ಲೂ ಬೀಡಿ ಸಿಗರೇಟು ಸೇದಿದವರಲ್ಲಿ ಕಾಣುತ್ತದೆ. ನೋವು ಕೊಡದೆ ಬೆಳೆಯುವುದೇ ಇದರ ಸ್ವಭಾವ. ಉರಿಮೂತ್ರಕ್ಕೆ ಹೋದವರಿಗೆ, ಕಲ್ಲಿಗೆ ಹೋದವರಿಗೆ ಹೀಗೆ ಸ್ಕ್ಯಾನಿಂಗಿನಲ್ಲಿ ಸಿಕ್ಕಿಬೀಳುವುದೇ ಜಾಸ್ತಿ. ಒಂದು ವಿಚಿತ್ರ ಅಂದರೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಕಡಿಮೆ. ಹಾಗಂತ ಯಾರೂ ಸಕ್ಕರೆ ಹತ್ತಿಸಿಕೊಳ್ಳಲು ಹೋಗಬೇಡಿ.

ಈಗ 5.5 ಎಂಬ ಅಂಕಿಯ ವಿಷಯ. ಮೂವರು ಡಾಕ್ಟ್ರು ಮೂರು ಮಾತು ಹೇಳಿದ್ದು ಯಾಕೆ ಎಂಬುದು ಇಲ್ಲೇ ಸ್ವಲ್ಪ ಗೊತ್ತಾಗುತ್ತದೆ.

1990ರ ದಶಕದಲ್ಲಿ ಬ್ರಿಟನ್ನಿನಲ್ಲಿ 1090 ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು, ಫಲಿತಾಂಶ 1998ರಲ್ಲಿ ಬಂತು. ಅಮೆರಿಕದ್ದು 1136 ಜನರ ಮೇಲೆ, ಅದು 2002ರಲ್ಲಿ. ಎರಡರಲ್ಲೂ ಉಬ್ಬು ಸುಮಾರು 4ರಿಂದ 5.5 ಸೆಂ.ಮೀ. ಇದ್ದವರನ್ನು ತಗೊಂಡರು. ಅರ್ಧ ಜನರಿಗೆ ಕೂಡಲೇ ಆಪರೇಷನ್. ಉಳಿದರ್ಧಕ್ಕೆ ಆಗಾಗ ಸ್ಕ್ಯಾನಿಂಗ್, ಉಬ್ಬು 5.5 ಮುಟ್ಟಿದರೆ ಆಗ ಆಪರೇಷನ್. ವರ್ಷಗಳ ನಂತರ ನೋಡಿದರೆ ಬದುಕಿ ಉಳಿದವರ ಲೆಕ್ಕದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಕಾದವರಲ್ಲಿ ಉಬ್ಬು ಒಡೆದದ್ದು ವರ್ಷಕ್ಕೆ 100ಕ್ಕೆ ಒಬ್ಬರಷ್ಟೆ, ಇಲ್ಲವೇ ಅದಕ್ಕೂ ಕಡಿಮೆ. ಅಂದರೆ 5.5ರ ಒಳಗೆ ಕಾಯುವುದರಲ್ಲಿ ನಷ್ಟ ಇಲ್ಲ ಎಂದು ಗೊತ್ತಾಯಿತು, ಅಷ್ಟೆ. 5.5ಕ್ಕೆ ಬಂದ ಕೂಡಲೇ ಒಡೆಯುತ್ತದೆ ಎಂದು ಯಾರೂ ಹೇಳಿಲ್ಲ. ಅದು ಆಪರೇಷನ್ ಬಗ್ಗೆ ಗಂಭೀರವಾಗಿ ಮಾತು ಶುರು ಮಾಡಬೇಕಾದ ಗೆರೆ, ಮಾತು ಮುಗಿಸುವ ಗೆರೆ ಅಲ್ಲ. ಹೆಂಗಸರಲ್ಲಿ ಸಣ್ಣ ಅಳತೆಗೇ ಒಡೆಯುವ ಅಪಾಯ ಇರುವುದರಿಂದ ಅವರಿಗೆ 5ಕ್ಕೇ ಈ ಮಾತು ಶುರುವಾಗುತ್ತದೆ.

ಆಮೇಲೆ, ನಿಮ್ಮ 5.6 ನಿಜವಾಗಿ 5.6 ಹೌದಾ? ಅಲ್ಟ್ರಾಸೌಂಡಿನಲ್ಲಿ ಅಳೆಯುವವರು ಗೋಡೆಯ ಒಳಗಿನಿಂದ ಒಳಗೆ ಅಳೆದರೆ ಒಂದು ಲೆಕ್ಕ, ಹೊರಗಿನಿಂದ ಹೊರಗೆ ಅಳೆದರೆ ಇನ್ನೊಂದು. ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ. ಓರೆಯಾಗಿ ಅಳೆದರೆ ಇನ್ನೂ ದೊಡ್ಡದು ಕಾಣುತ್ತದೆ. ಹಾಗಾಗಿ ಬರೀ ಒಂದು ಹೊಟ್ಟೆ ಸ್ಕ್ಯಾನಿಂಗ್ ನಂಬಿ ಆಪರೇಷನ್ನಿಗೂ ಹೋಗಬಾರದು, ಬೇಡ ಎಂದೂ ಹೇಳಬಾರದು. ಸಿಟಿ ಆಂಜಿಯೋ ಬೇಕು. ಅದಕ್ಕೆ ಹಾಕುವ ಬಣ್ಣದ ಔಷಧಿ ಕಿಡ್ನಿಗೆ ತೊಂದರೆ ಕೊಡಬಹುದು, ಅದಕ್ಕೇ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಸಿ. ಸ್ಟೆಂಟ್ ಕೂರಿಸಲು ಜಾಗ ಇದೆಯಾ, ಕಿಡ್ನಿಯ ನಾಳ ಎಷ್ಟು ದೂರದಲ್ಲಿದೆ, ತೊಡೆಯ ನಾಳ ಅಗಲ ಇದೆಯಾ, ಇದೆಲ್ಲ ಗೊತ್ತಾಗುವುದು ಸಿಟಿಯಲ್ಲೇ. ನೀವು ಬರೆದಿರುವುದನ್ನು ನೋಡಿದರೆ ಸಿಟಿ ಆದ ಹಾಗೆ ಕಾಣುವುದಿಲ್ಲ. ಆಗಿಲ್ಲ ಅಂದರೆ ಮೂವರು ಡಾಕ್ಟ್ರೂ ಅರ್ಧ ಮಾಹಿತಿಯ ಮೇಲೆ ಮಾತಾಡಿದ್ದಾರೆ. ಅವರನ್ನು ದೂರುತ್ತಿಲ್ಲ. ಹತ್ತು ನಿಮಿಷದ ಓಪಿಡಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಣ್ಣಿಗೆ ಬೀಳುತ್ತದೆ: ಒಬ್ಬರಿಗೆ ಅಳತೆ, ಒಬ್ಬರಿಗೆ ತಮಗೆ ಕೈ ಕೂತ ಚಿಕಿತ್ಸೆ, ಇನ್ನೊಬ್ಬರಿಗೆ ವಯಸ್ಸು. ಆದರೆ ಬರೀ ವಯಸ್ಸು ನೋಡಿ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. 74ಕ್ಕೆ ದಿನಾ ತೋಟದ ಏರು ಹತ್ತಿ ಇಳಿಯುವವರೂ ಇದ್ದಾರೆ, 60ಕ್ಕೇ ಎರಡು ಮೆಟ್ಟಿಲಿಗೆ ಏದುಸಿರು ಬಿಡುವವರೂ ಇದ್ದಾರೆ.

ಸರಿ, ಸಿಟಿಯಲ್ಲೂ 5.5ಕ್ಕಿಂತ ಜಾಸ್ತಿಯೇ ಬಂತು ಎಂದುಕೊಳ್ಳೋಣ. ಏನೂ ಮಾಡದೆ ಬಿಟ್ಟರೆ? ಆಪರೇಷನ್ ಬೇಡ ಅಂದವರನ್ನು, ಆಪರೇಷನ್ ತಡೆಯಲಾರದವರನ್ನು ಅಮೆರಿಕದಲ್ಲಿ ಗಮನಿಸಿ ನೋಡಿದ ಅಧ್ಯಯನ 2002ರಲ್ಲಿ ಬಂತು. 5.5ರಿಂದ 5.9ರ ಉಬ್ಬಿನವರಲ್ಲಿ ಒಂದು ವರ್ಷದಲ್ಲಿ 100ಕ್ಕೆ ಸುಮಾರು 9 ಜನರಿಗೆ ಒಡೆದಿರಬಹುದು ಎಂಬ ಲೆಕ್ಕ. 7 ದಾಟಿದವರಲ್ಲಿ 30ಕ್ಕೂ ಜಾಸ್ತಿ. 2015ರಲ್ಲಿ ಇಂಥ ಹಲವು ಅಧ್ಯಯನ ಒಟ್ಟು ಮಾಡಿ ನೋಡಿದಾಗ ಅಪಾಯ ಇದಕ್ಕಿಂತ ಕಡಿಮೆ ಬಂತು, 5.5ರಿಂದ 6ರವರಲ್ಲಿ 100ಕ್ಕೆ ಮೂರು ನಾಲ್ಕು. ಹಾಗಾಗಿ ಯಾರಾದರೂ 'ಇದು ಟೈಂ ಬಾಂಬ್' ಅಂದರೆ, ಆ ಮಾತನ್ನು ಬಿಟ್ಟು ನೂರಕ್ಕೆ ಎಷ್ಟು ಎಂದು ಕೇಳಿ. ಒಂದು ಮಾತು ಮಾತ್ರ ಮುಚ್ಚಿಡುವಂತಿಲ್ಲ. ಒಡೆದರೆ ಹತ್ತರಲ್ಲಿ ಸುಮಾರು ಎಂಟು ಜನ ಉಳಿಯುವುದಿಲ್ಲ, ಅದರಲ್ಲೂ ತುಂಬಾ ಜನ ಆಸ್ಪತ್ರೆ ತಲುಪುವುದೇ ಇಲ್ಲ. ನಿಮ್ಮೂರಿಂದ ಇಂಥ ಆಪರೇಷನ್ ಆಗುವ ಆಸ್ಪತ್ರೆಗೆ ಮಳೆಗಾಲದ ರಾತ್ರಿ ಎಷ್ಟು ಹೊತ್ತು ಬೇಕು ಎಂದು ನಿಮಗೇ ಗೊತ್ತು. ಮಣಿಪಾಲಕ್ಕೆ ಅಂದರೆ ಆಗುಂಬೆ ಘಾಟಿ ಇಳಿಯಬೇಕು, ಬೆಂಗಳೂರು ಅಂದರೆ ಶಿವಮೊಗ್ಗದಿಂದಲೇ 300 ಕಿ.ಮೀ. ಪೇಟೆ ಮಧ್ಯೆ ಇರುವವರಿಗಿಂತ ಕಾಯುವುದರ ಅಪಾಯ ನಿಮಗೆ ಜಾಸ್ತಿ. ಈ ಮಾತು ಯಾವ ಅಧ್ಯಯನದಲ್ಲೂ ಬರೆದಿರುವುದಿಲ್ಲ, ನೀವೇ ಡಾಕ್ಟ್ರಿಗೆ ಹೇಳಬೇಕು.

ಇನ್ನು ಎರಡು ದಾರಿ. ಹೊಟ್ಟೆ ತೆರೆದು ಉಬ್ಬಿದ ಭಾಗಕ್ಕೆ ಬಟ್ಟೆಯಂಥ ನಾಳ ಹೊಲಿಯುವುದು ಹಳೆಯದು, 1951ರಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯುಬೋಸ್ಟ್ ಮೊದಲು ಮಾಡಿದಾಗ ಬಟ್ಟೆಯ ಬದಲು ಸತ್ತವರ ದೇಹದಿಂದ ತೆಗೆದ ನಾಳ ಹೊಲಿದಿದ್ದರು. ತೊಡೆಸಂದಿಯ ನಾಳದಿಂದ ಸ್ಟೆಂಟ್ ಗ್ರಾಫ್ಟ್ (ಲೋಹದ ಬಲೆಗೆ ಬಟ್ಟೆ ಹೊದಿಸಿದ ಕೊಳವೆ) ತೂರಿಸಿ ಒಳಗೇ ಕೂರಿಸುವುದನ್ನು 1990ರಲ್ಲಿ ಅರ್ಜೆಂಟೀನಾದ ಹುವಾನ್ ಪರೋಡಿ ಮಾಡಿ ತೋರಿಸಿದರು, ಅದಕ್ಕೆ ಇವಾರ್ ಅನ್ನುತ್ತಾರೆ. ಎರಡನ್ನೂ ಹೋಲಿಸಿದ ಬ್ರಿಟನ್ನಿನ ಅಧ್ಯಯನಕ್ಕೆ ಜನ ಸೇರಿದ್ದು 1999ರಿಂದ 2004ರವರೆಗೆ, 60 ದಾಟಿದವರು, 5.5 ದಾಟಿದ ಉಬ್ಬು, ಅಂದರೆ ನಿಮ್ಮ ಅಪ್ಪಯ್ಯನಂಥವರೇ. ಮೊದಲ 30 ದಿನದಲ್ಲಿ ತೀರಿಕೊಂಡವರು ತೆರೆದ ಆಪರೇಷನ್ನಿನಲ್ಲಿ 100ಕ್ಕೆ ಸುಮಾರು 5, ಸ್ಟೆಂಟಿನಲ್ಲಿ 2ರ ಒಳಗೆ.

ಇಲ್ಲಿಗೆ ನಿಲ್ಲಿಸಿದರೆ ಸ್ಟೆಂಟೇ ಗೆದ್ದಿತು. ಎಷ್ಟೋ ಕಡೆ ಇಲ್ಲಿಗೇ ನಿಲ್ಲಿಸಿ ಹೇಳುತ್ತಾರೆ. ಆದರೆ ಅದೇ ಜನರನ್ನು 15 ವರ್ಷದವರೆಗೆ ನೋಡಿದ ಲೆಕ್ಕ 2016ರಲ್ಲಿ ಬಂತು. ಕೆಲವೇ ವರ್ಷದಲ್ಲಿ ಎರಡೂ ಗುಂಪು ಸಮ ಆಗಿತ್ತು. ಎಂಟು ವರ್ಷ ದಾಟಿದ ಮೇಲೆ ಸ್ಟೆಂಟ್ ಹಾಕಿಸಿಕೊಂಡವರಲ್ಲೇ ಸಾವು ಜಾಸ್ತಿ. ಸ್ಟೆಂಟಿನ ಪಕ್ಕದಿಂದ ರಕ್ತ ಸೋರಿ ಹಳೆಯ ಉಬ್ಬು ಮತ್ತೆ ಬೆಳೆದು ಒಡೆದದ್ದು ಒಂದು ಮುಖ್ಯ ಕಾರಣ. ಆ ಕಾಲದ ಸ್ಟೆಂಟಿಗಿಂತ ಈಗಿನದು ಸುಧಾರಿಸಿದೆ, ಒಪ್ಪುತ್ತೇನೆ. ಆದರೂ ಸ್ಟೆಂಟ್ ಹಾಕಿಸಿಕೊಂಡವರು ಒಂದು ತಿಂಗಳಿಗೆ, ಒಂದು ವರ್ಷಕ್ಕೆ, ಆಮೇಲೆ ವರ್ಷ ವರ್ಷ ಸ್ಕ್ಯಾನಿಂಗಿಗೆ ಹೋಗಲೇಬೇಕು, ಬದುಕಿರುವವರೆಗೂ. ಕೆಲವರಿಗೆ ಮತ್ತೆ ಒಳಗೆ ಕೈ ಹಾಕಬೇಕಾಗುತ್ತದೆ. ಈಗ ಚೆನ್ನಾಗಿದ್ದೇನೆ, ಮತ್ತೆ ಯಾಕೆ ಆಸ್ಪತ್ರೆ ಎಂದು ಎರಡನೇ ವರ್ಷಕ್ಕೇ ಬಿಟ್ಟುಬಿಡುವವರಿಗೆ ಸ್ಟೆಂಟ್ ಒಳ್ಳೆಯದಲ್ಲ. ನಿಮ್ಮ ಅಪ್ಪಯ್ಯ ಬಿಪಿ ಮಾತ್ರೆ ಸರಿಯಾಗಿ ತಗೊಳ್ಳುತ್ತಾರಾ, ಇಲ್ಲ ತಲೆ ತಿರುಗಿದ ದಿನ ಮಾತ್ರವಾ? ಅವರು ಯಾವ ಥರದವರು ಎಂದು ಅದರಲ್ಲೇ ಗೊತ್ತಾಗುತ್ತದೆ.

ತೆರೆದ ಆಪರೇಷನ್ನಿನಲ್ಲಿ ಕಷ್ಟ ಎಲ್ಲ ಮುಂದೆಯೇ. ಒಂದೆರಡು ದಿನವಾದರೂ ಐಸಿಯು, ಒಂದು ವಾರ ಹತ್ತು ದಿನ ಆಸ್ಪತ್ರೆ, ಮನೆಗೆ ಬಂದು ಮೊದಲಿನ ಹಾಗೆ ಆಗಲು ಎರಡು ಮೂರು ತಿಂಗಳು. ಅಷ್ಟು ದಿನ ಭಾರ ಎತ್ತುವಂತಿಲ್ಲ. ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ಮಾಡಿಸಿದರೆ ಆ ವರ್ಷದ ಅಡಿಕೆ ಕೆಲಸದಲ್ಲಿ ಅಪ್ಪಯ್ಯ ಇಲ್ಲ ಎಂದೇ ತಿಳಿಯಿರಿ, ಆದರೆ ಅದಕ್ಕಾಗಿ ತಿಂಗಳುಗಟ್ಟಲೆ ಮುಂದೂಡಬೇಡಿ. ಸ್ಟೆಂಟ್ ಆದರೆ ಎರಡು ಮೂರು ದಿನಕ್ಕೆ ಮನೆ. ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ, ಡಾಕ್ಟ್ರೂ ಹೇಳುವುದಿಲ್ಲ. ತೆರೆದ ಆಪರೇಷನ್ನಿನಲ್ಲಿ ಆ ಭಾಗದ ನರಗಳಿಗೆ ಪೆಟ್ಟಾಗಿ ಗಂಡಸುತನಕ್ಕೆ ತೊಂದರೆ ಆಗಬಹುದು. ಸ್ಟೆಂಟಿನಲ್ಲಿ ಸೊಂಟದ ಒಂದು ನಾಳ ಮುಚ್ಚಬೇಕಾಗಿ ಬಂದರೆ ನಡೆಯುವಾಗ ಕುಂಡೆ ಹಿಡಿದ ಹಾಗೆ ನೋವು ಬರಬಹುದು. 74ಕ್ಕೆ ಅದೆಲ್ಲ ಯಾಕೆ ಎಂದು ಮಗ ತೀರ್ಮಾನ ಮಾಡುವುದು ಸರಿಯಲ್ಲ. ಡಾಕ್ಟ್ರು ಅಪ್ಪಯ್ಯನ ಜೊತೆ ಒಬ್ಬರೇ ಮಾತಾಡಲು ಐದು ನಿಮಿಷ ಬಿಟ್ಟು ನೀವು ಹೊರಗೆ ಬನ್ನಿ.

ಯಾವುದನ್ನೂ ತಡೆಯಲಾರದ ದೇಹ ಅಂತಲೂ ಇರುತ್ತದೆ. ಹೃದಯ ತೀರಾ ದುರ್ಬಲ, ಶ್ವಾಸಕೋಶ ಹಾಳಾಗಿದೆ, ಅಂಥವರಿಗೆ ಸ್ಟೆಂಟಾದರೂ ಹಾಕೋಣ ಎಂದು ಬ್ರಿಟನ್ನಿನಲ್ಲೇ ಇನ್ನೊಂದು ಅಧ್ಯಯನ ಮಾಡಿದರು. ಒಟ್ಟು ಆಯಸ್ಸು ಏನೂ ಜಾಸ್ತಿ ಆಗಲಿಲ್ಲ, ಉಬ್ಬಿನಿಂದ ಸಾಯದಿದ್ದರೆ ಬೇರೆ ಕಾಯಿಲೆಯಿಂದ ಹೋದರು. ಅದಕ್ಕೇ ಎಕೋ (ಹೃದಯದ ಸ್ಕ್ಯಾನಿಂಗ್), ಶ್ವಾಸಕೋಶದ ಪರೀಕ್ಷೆ, ಕಿಡ್ನಿ ಪರೀಕ್ಷೆ ಆಗದೆ ಆಪರೇಷನ್ ಮಾತಿಗೇ ಅರ್ಥವಿಲ್ಲ. ಬೀಡಿ ಸೇದಿದವರಿಗೆ ಶ್ವಾಸಕೋಶದ ಪರೀಕ್ಷೆ ತಪ್ಪಿಸಲೇಬೇಡಿ.

ಈಗ ಅಪ್ಪಯ್ಯನಿಗೆ ಹೇಳುವ ವಿಷಯ. ನಮ್ಮ ಕಡೆ ಇದು ಮಾಮೂಲಿ. ರೋಗಿ ಬಾಗಿಲ ಹೊರಗೆ ಬೆಂಚಿನ ಮೇಲೆ, ಒಳಗೆ ಮಗ, ಅಳಿಯ, ಪೇಟೆಯಲ್ಲಿರುವ ಒಬ್ಬ ನೆಂಟ. 'ಅವರಿಗೆ ಹೇಳಬೇಡಿ ಡಾಕ್ಟ್ರೇ, ಹೆದರಿಬಿಡುತ್ತಾರೆ.' ಪ್ರೀತಿಯಿಂದಲೇ ಹೇಳುತ್ತಾರೆ, ಗೊತ್ತು. ಆದರೆ ಮೂರು ಆಸ್ಪತ್ರೆ ತಿರುಗಿಸಿದ ಮೇಲೆ, ಮನೆಯಲ್ಲಿ ಎಲ್ಲರೂ ಪಿಸುಪಿಸು ಮಾತಾಡುವಾಗ, ಅವರಿಗೆ ಏನೂ ಗೊತ್ತಾಗಿಲ್ಲ ಅಂದುಕೊಂಡಿದ್ದೀರಾ? ಬಹಳ ಸಲ ಅವರು ಕ್ಯಾನ್ಸರ್ ಎಂದುಕೊಂಡು ಒಳಗೇ ಕೊರಗುತ್ತಿರುತ್ತಾರೆ. ನಿಜ ಹೇಳಿದರೆ ನಿರಾಳ ಆಗುವವರೇ ಜಾಸ್ತಿ.

ಕಾನೂನಿನಲ್ಲೂ ನಿಮ್ಮ ಸಹಿಗೆ ಅವರ ಒಪ್ಪಿಗೆಯ ಬೆಲೆ ಇಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಆ ಮಹಿಳೆ ಒಪ್ಪಿದ್ದು ಒಂದು ಪರೀಕ್ಷೆಗೆ, ಅರಿವಳಿಕೆಯಲ್ಲಿ ಇದ್ದಾಗ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ, ಅಂಡಾಶಯ ತೆಗೆದರು. ಬುದ್ಧಿ ನೆಟ್ಟಗಿರುವ ವಯಸ್ಕರ ಬದಲಿಗೆ ತಾಯಿ ಒಪ್ಪಿದರೆ ನಡೆಯುವುದಿಲ್ಲ ಎಂದಿತು ಕೋರ್ಟ್. ಚಿಕಿತ್ಸೆ ಏನು, ಯಾಕೆ, ಲಾಭ ಏನು, ದೊಡ್ಡ ಅಪಾಯ ಯಾವುದು, ಬೇರೆ ದಾರಿ ಏನಿದೆ, ಬೇಡ ಅಂದರೆ ಏನಾಗುತ್ತದೆ, ಇಷ್ಟನ್ನೂ ರೋಗಿಗೆ ತಿಳಿಸಿದರೆ ಮಾತ್ರ ಅದು ಒಪ್ಪಿಗೆ. ಆಪರೇಷನ್ ಬಾಗಿಲಲ್ಲಿ ಇಂಗ್ಲಿಷ್ ಫಾರಂ ಕೊಟ್ಟು ಇಲ್ಲಿ ಸಹಿ ಹಾಕಿ ಅನ್ನುವುದು ಅದರ ಹತ್ತಿರಕ್ಕೂ ಬರುವುದಿಲ್ಲ.

ಹೇಗೆ ಹೇಳುವುದು? ಸಂಜೆ ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತಾಗ ಹೇಳಿ, ಆಸ್ಪತ್ರೆ ಕಾರಿಡಾರಿನಲ್ಲಿ ಬೇಡ. 'ಅಪ್ಪಯ್ಯ, ಹೊಟ್ಟೆಯಲ್ಲಿ ದೊಡ್ಡ ರಕ್ತನಾಳ ಒಂದು ಉಬ್ಬಿದೆಯಂತೆ. ಕ್ಯಾನ್ಸರ್ ಅಲ್ಲ. ಈಗ ತೊಂದರೆ ಕೊಡುತ್ತಿಲ್ಲ, ಮುಂದೆ ಒಡೆಯಬಹುದು, ಒಡೆಯದೆಯೂ ಇರಬಹುದು. ಏನು ಮಾಡಬೇಕು ಎಂದು ನಿಮ್ಮನ್ನೇ ಕೇಳಬೇಕು' ಎಂದು ಹೇಳಿದರೆ ಶುರುವಿಗೆ ಸಾಕು. ಶೇಕಡಾ ಲೆಕ್ಕ ಹೇಳಬೇಡಿ, ಅದು ಓದಿದವರಿಗೂ ತಲೆಗೆ ಹೋಗುವುದಿಲ್ಲ. ಹರಿವಾಣದಲ್ಲಿ ನೂರು ಅಡಿಕೆ ಎಣಿಸಿ ಇಡಿ. ಹೊಟ್ಟೆ ತೆರೆದರೆ ಮೊದಲ ತಿಂಗಳಲ್ಲಿ ಇಷ್ಟು ಜನ ಹೋಗುತ್ತಾರೆ ಎಂದು ಐದು ಅಡಿಕೆ ಪಕ್ಕಕ್ಕಿಡಿ. ಸ್ಟೆಂಟಿಗೆ ಎರಡು. ಏನೂ ಮಾಡದಿದ್ದರೆ ಒಂದು ವರ್ಷದಲ್ಲಿ ಉಬ್ಬು ಒಡೆಯುವುದು ನಾಲ್ಕರಿಂದ ಒಂಬತ್ತು ಜನರಿಗೆ, ಮುಂದಿನ ವರ್ಷ ಉಬ್ಬು ಬೆಳೆದಿದ್ದರೆ ಇನ್ನೂ ಜಾಸ್ತಿ. ಉಳಿದ ರಾಶಿಯನ್ನೂ ತೋರಿಸಿ, ಅದನ್ನು ಮರೆಯಬೇಡಿ, ಐದು ತೋರಿಸಿ ತೊಂಬತ್ತೈದು ಮುಚ್ಚಿಟ್ಟರೆ ಅದೂ ಮೋಸವೇ. ಇವೆಲ್ಲ ಹೊರದೇಶದ ಲೆಕ್ಕ. ಅದಕ್ಕೇ ನೀವು ಹೋಗುವ ಆಸ್ಪತ್ರೆಯಲ್ಲಿ ಅವರದ್ದೇ ಲೆಕ್ಕ ಕೇಳಿ, ಅಡಿಕೆ ಎಣಿಕೆ ಅದಕ್ಕೆ ತಕ್ಕ ಹಾಗೆ ಬದಲಿಸಿ.

ಆಮೇಲೆ ಅವರ ಮಾತು ಕೇಳಿ. ನೀವು ಮಾತಾಡಬೇಡಿ. ಕೆಲವರು 'ಎಷ್ಟು ದಿನ ಇದ್ದೇನೆ ಅನ್ನುವುದು ಮುಖ್ಯ ಅಲ್ಲ, ಹಾಸಿಗೆ ಹಿಡಿದು ನಿಮ್ಮ ಕೈಲಿ ಮಾಡಿಸಿಕೊಳ್ಳುವುದು ಬೇಡ' ಅನ್ನುತ್ತಾರೆ. ಕೆಲವರಿಗೆ ಮೊಮ್ಮಗಳ ಮದುವೆ ನೋಡಬೇಕು. ಕೆಲವರಿಗೆ ಒಳಗೊಂದು ಒಡೆಯುವ ವಸ್ತು ಇದೆ ಎಂದು ಗೊತ್ತಾದ ಮೇಲೆ ನಿದ್ದೆಯೇ ಬರುವುದಿಲ್ಲ, ಅಪಾಯ ಎಷ್ಟೇ ಇರಲಿ ತೆಗೆದುಬಿಡಿ ಅನ್ನುತ್ತಾರೆ. ಇನ್ನು ಕೆಲವರು, 'ನಂಗೆ ಇದೆಲ್ಲ ಹೇಳ್ಬೇಡ ಮಾರಾಯ, ನೀನೇ ನೋಡ್ಕೋ' ಅನ್ನುತ್ತಾರೆ. ಅದೂ ಒಂದು ತೀರ್ಮಾನವೇ. ಆದರೆ ಆ ಮಾತು ಅವರ ಬಾಯಿಂದ ಬರಬೇಕು. ಅವರ ಪರವಾಗಿ ನೀವು ಊಹಿಸಿಕೊಂಡರೆ ಆಗಲಿಲ್ಲ.

ಡಾಕ್ಟ್ರ ಕಡೆಯ ತಪ್ಪೂ ಇದೆ. ಕೆಲವರು ಎಲ್ಲ ಅಂಕಿ ಅಂಶ ಮುಂದಿಟ್ಟು 'ಈಗ ನೀವೇ ಹೇಳಿ' ಎಂದು ಕೈ ತೊಳೆದುಕೊಳ್ಳುತ್ತಾರೆ. ಒಟ್ಟಿಗೆ ತೀರ್ಮಾನ ಮಾಡುವುದು ಅಂದರೆ ಅದಲ್ಲ. ಅಪ್ಪಯ್ಯನಿಗೆ ಏನು ಮುಖ್ಯ ಎಂದು ಕೇಳಿಕೊಂಡ ಮೇಲೆ, 'ಹಾಗಾದರೆ ನಾನು ಇದನ್ನು ಹೇಳುತ್ತೇನೆ, ಕಾರಣ ಇದು' ಎಂದು ಹೇಳುವುದು ಡಾಕ್ಟ್ರ ಕೆಲಸ. ಹೇಳದಿದ್ದರೆ ಕೇಳಿ. ಜೊತೆಗೆ ಇನ್ನೂ ಒಂದು ಕೇಳಲೇಬೇಕು: ಈ ಆಪರೇಷನ್ ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಆಗುತ್ತದೆ? ಅಮೆರಿಕದ ರಕ್ತನಾಳ ಸರ್ಜನ್‌ಗಳ ಸಂಘ 2018ರಲ್ಲಿ ಕೊಟ್ಟ ಸಲಹೆಯಲ್ಲಿ ವರ್ಷಕ್ಕೆ ಕನಿಷ್ಠ ಹತ್ತಾದರೂ ಮಾಡುವ ಜಾಗದಲ್ಲೇ ಮಾಡಿಸಿ ಎಂದಿದೆ, ತೆರೆದದ್ದಕ್ಕೂ ಸ್ಟೆಂಟಿಗೂ. ಕೇಳಿದರೆ ಕೋಪ ಮಾಡಿಕೊಳ್ಳುವ ಸರ್ಜನ್ ಹತ್ತಿರ ನಾನಂತೂ ನನ್ನ ಮನೆಯವರನ್ನು ಕಳಿಸುವುದಿಲ್ಲ. ಎರಡನೇ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಒಳರೋಗಿಯಾಗಿ ಇದ್ದರೆ, ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂಬ ನಿಯಮ 2002ರಿಂದಲೇ ಇದೆ. ಸಿಟಿಯ ಬರೀ ರಿಪೋರ್ಟ್ ಸಾಲದು, ಚಿತ್ರಗಳಿರುವ ಸಿಡಿ ಅಥವಾ ಪೆನ್‌ಡ್ರೈವ್ ತಗೊಳ್ಳಿ, ಬೇರೆ ಸರ್ಜನ್ ನೋಡುವುದು ಅದನ್ನೇ.

ದುಡ್ಡಿನ ಮಾತು ಮುಚ್ಚಿಡಬೇಡಿ. ಸ್ಟೆಂಟ್ ಗ್ರಾಫ್ಟಿಗೇ ಹಲವು ಲಕ್ಷ ಆಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷದವರೆಗೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನಿಮಗೆ ಶಿವಮೊಗ್ಗದ ಮೆಗ್ಗಾನ್ ಹತ್ತಿರ. ಅಲ್ಲಿ ಆರೋಗ್ಯ ಮಿತ್ರ ಕೌಂಟರಿನಲ್ಲಿ ಯಾವ ಚಿಕಿತ್ಸೆಗೆ ಎಷ್ಟು ಎಂದು ಮೊದಲೇ ಕೇಳಿ. ಸೊಸೈಟಿಯಲ್ಲಿ ಯಶಸ್ವಿನಿ ಮಾಡಿಸಿದ್ದರೆ ಆ ಕಾರ್ಡನ್ನೂ ತೋರಿಸಿ. ತೋಟ ಅಡ ಇಟ್ಟು ಆಪರೇಷನ್ ಮಾಡಿಸುವುದು ಅಪ್ಪಯ್ಯನಿಗೆ ಒಪ್ಪಿಗೆಯಾ ಎಂಬುದು ಕೂಡ ಅವರೇ ಹೇಳಬೇಕಾದ ಮಾತು.

ಬೇಡ ಅಂದರೆ? ಬೇಡ ಅನ್ನಬಹುದು. ಆಲ್ಬರ್ಟ್ ಐನ್‌ಸ್ಟೈನ್‌ಗೆ ಇದೇ ಕಾಯಿಲೆ ಇತ್ತು. 1948ರಲ್ಲಿ ಅವರ ಹೊಟ್ಟೆ ತೆರೆದ ರುಡಾಲ್ಫ್ ನಿಸ್ಸೆನ್ ಆ ಕಾಲದಲ್ಲಿ ಆಗುತ್ತಿದ್ದದ್ದನ್ನು ಮಾಡಿದರು, ಉಬ್ಬಿನ ಸುತ್ತ ಸೆಲ್ಲೋಫೇನ್ ಹಾಳೆ ಸುತ್ತಿದರು. ಆಮೇಲೆ ಆರು ವರ್ಷಕ್ಕೂ ಜಾಸ್ತಿ ಕಾಲ ಐನ್‌ಸ್ಟೈನ್ ಚೆನ್ನಾಗಿ ಬದುಕಿದರು. 1955ರ ಏಪ್ರಿಲ್‌ನಲ್ಲಿ ಅದು ಸೋರಲು ಶುರುವಾದಾಗ ಮತ್ತೆ ಆಪರೇಷನ್ ಮಾಡೋಣ ಅಂದರು, ಅವರು ಬೇಡ ಅಂದರು. ಕೃತಕವಾಗಿ ಆಯಸ್ಸು ಎಳೆಯುವುದು ಅವರಿಗೆ ಇಷ್ಟವಿರಲಿಲ್ಲ. ಏಪ್ರಿಲ್ 18ಕ್ಕೆ ತೀರಿಕೊಂಡರು, ಆಗ 76 ವರ್ಷ. ಅವರ ಕಾಲದಲ್ಲಿ ಆ ಆಪರೇಷನ್ ಹೊಸತು, ತುಂಬಾ ಅಪಾಯದ್ದು, ಇವತ್ತು ಹಾಗಿಲ್ಲ. ಹಾಗಾಗಿ ಐನ್‌ಸ್ಟೈನ್ ಹೆಸರು ಹೇಳಿ ಅಕ್ಕ ನಿಮ್ಮನ್ನು ಸೋಲಿಸಲು ಬಿಡಬೇಡಿ. ಆದರೆ ತಿಳಿದು ಬೇಡ ಅಂದವರನ್ನು ಮನೆಯವರು ಹಠ ಮಾಡಿ ಎಳೆದುಕೊಂಡು ಹೋಗುವುದು ಸರಿಯಲ್ಲ. ಈಗ ಬೇಡ ಅಂದವರು ಆರು ತಿಂಗಳ ಮೇಲೆ ಆಯಿತು ಅಂದರೆ ಅದಕ್ಕೂ ಜಾಗ ಇರಲಿ, ಆ ಆರು ತಿಂಗಳಲ್ಲಿ ಸ್ಕ್ಯಾನಿಂಗ್ ತಪ್ಪದಿರಲಿ.

ನನ್ನ ಅಭಿಪ್ರಾಯ ಕೇಳಿದರೆ, ನೀವು ಬರೆದಷ್ಟರ ಮೇಲೆ: ಸಿಟಿಯಲ್ಲಿ 5.5 ದಾಟಿದ್ದು ಖಚಿತವಾಗಿ, ಎಕೋ ಮತ್ತು ಶ್ವಾಸಕೋಶ ಚೆನ್ನಾಗಿದ್ದು, ತೋಟದ ಏರು ಹತ್ತಿದರೂ ಏದುಸಿರು ಬರದಿದ್ದರೆ, ಸರಿಪಡಿಸಿಕೊಳ್ಳುವ ಕಡೆಗೆ ನನ್ನ ಒಲವು. ನಾಳದ ಆಕಾರ ಹೊಂದಿದರೆ, ವರ್ಷ ವರ್ಷ ಸ್ಕ್ಯಾನಿಂಗಿಗೆ ಹೋಗುತ್ತೇನೆ ಎಂದು ಅವರೇ ಒಪ್ಪಿದರೆ ಸ್ಟೆಂಟ್. ಗಟ್ಟಿ ಆಳು, ಆಸ್ಪತ್ರೆ ಅಂದರೆ ಆಗದು, ಒಂದೇ ಸಲ ಮುಗಿಸಿಬಿಡಿ ಅನ್ನುವ ಸ್ವಭಾವ ಆದರೆ ತೆರೆದ ಆಪರೇಷನ್ ಕೆಟ್ಟದ್ದೇನಲ್ಲ. ಎದುರು ಕೂತು ಅಪ್ಪಯ್ಯ ಬೇರೆ ಏನಾದರೂ ಹೇಳಿದರೆ ನಾನೂ ಅಭಿಪ್ರಾಯ ಬದಲಿಸಿಯೇನು.

ಅಲ್ಲಿಯವರೆಗೆ ಬಿಪಿ ಮಾತ್ರೆ ತಪ್ಪಿಸಬೇಡಿ. ಬೀಡಿ ಮತ್ತೆ ಮುಟ್ಟಬಾರದು. ಓಡಾಟ ಇರಲಿ, ಮೂಟೆ ಹೊರುವುದು, ಮುಕ್ಕರಿಸಿ ಎತ್ತುವುದು ಬೇಡ. ಇದ್ದಕ್ಕಿದ್ದಂತೆ ಹೊಟ್ಟೆ ಅಥವಾ ಬೆನ್ನಿನಲ್ಲಿ ಜೋರು ನೋವು, ಬೆವರು, ತಲೆ ಸುತ್ತಿ ಬಿದ್ದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯ ಬಾಗಿಲಲ್ಲೇ ಮೊದಲ ಮಾತಾಗಿ ಅಯೋರ್ಟಾ ಉಬ್ಬಿದೆ ಎಂದು ಹೇಳಿ. ಹೇಳದಿದ್ದರೆ ಕಿಡ್ನಿ ಕಲ್ಲು ಎಂದುಕೊಂಡು ಇಂಜೆಕ್ಷನ್ ಕೊಟ್ಟು ಕೂರಿಸುವ ಸಾಧ್ಯತೆ ಇದೆ.

ಉರಿಮೂತ್ರಕ್ಕೆ ಯಾವ ಮಾತ್ರೆ ಕೊಟ್ಟಿದ್ದಾರೆ ಎಂದು ಇವತ್ತೇ ಚೀಟಿ ನೋಡಿ. ಸಿಪ್ರೊಫ್ಲಾಕ್ಸಾಸಿನ್, ನಾರ್ಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್ ಈ ಗುಂಪಿನ ಮಾತ್ರೆಗಳನ್ನು ಅಯೋರ್ಟಾ ಉಬ್ಬಿದವರಿಗೆ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಕೊಡಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲೇ ಎಚ್ಚರಿಸಿದೆ. ನಮ್ಮಲ್ಲಿ ಉರಿಮೂತ್ರಕ್ಕೆ ಮೆಡಿಕಲ್ ಶಾಪಿನವರೂ ಇದನ್ನೇ ಎತ್ತಿ ಕೊಡುತ್ತಾರೆ. ಅದರಲ್ಲಿ ಯಾವುದಾದರೂ ಇದ್ದರೆ ಬರೆದುಕೊಟ್ಟ ಡಾಕ್ಟ್ರಿಗೆ ಫೋನ್ ಮಾಡಿ, ಬದಲಿ ಮಾತ್ರೆ ಕೇಳಿ.

ಹಾಗೆಯೇ ಇದು ಮನೆತನದಲ್ಲಿ ಹರಿಯುವುದುಂಟು. ಅಪ್ಪಯ್ಯನ ಅಣ್ಣತಮ್ಮ, ಅಕ್ಕತಂಗಿ ಇದ್ದರೆ ಅವರಿಗೂ ಒಂದು ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿ. ನಿಮಗೂ ಅಕ್ಕನಿಗೂ 50 ದಾಟಿದ್ದರೆ, ನೀವಿಬ್ಬರೂ ಜಗಳ ಬಿಟ್ಟು ಒಂದೇ ದಿನ ಹೋಗಿ ಮಾಡಿಸಿಕೊಂಡು ಬನ್ನಿ.